ಚೆಂಡೆ, ಗರ್ನಾಲು, ಜನಜಂಗುಳಿಯ ನಡುವೆ ಮೊಬೈಲಿನಲ್ಲಿ ತಂಡದ ಮಾತು: ಪದೇ ಪದೇ ಕೇಳುವ ಪ್ರಶ್ನೆಗಳು

ರಥೋತ್ಸವ, ಬ್ರಹ್ಮಕಲಶೋತ್ಸವ, ಕಂಬಳ, ಉಡುಪಿಯ ಪರ್ಯಾಯ ಮೆರವಣಿಗೆ, ಮಂಗಳೂರು ದಸರಾ ಶೋಭಾಯಾತ್ರೆ. ಇಂಥ ಕಡೆ ಸ್ವಯಂಸೇವಕರ ತಂಡ ನಡೆಸುವವರಿಗಾಗಿ ಈ ಪುಟ. ಹತ್ತರಿಂದ ಐವತ್ತು ಜನ ಇರುತ್ತಾರೆ, ಎಲ್ಲರ ಕೈಯಲ್ಲೂ ಸಾಮಾನ್ಯ ಸ್ಮಾರ್ಟ್‌ಫೋನು. ಸುತ್ತ ಚೆಂಡೆ, ತಾಸೆ, ಬ್ಯಾಂಡು, ಗರ್ನಾಲು (ಸಿಡಿಮದ್ದು), ಜನರೇಟರ್. ಅದರ ನಡುವೆ ಒಬ್ಬರು ಹೇಳಿದ್ದು ಎಲ್ಲರಿಗೂ ಒಟ್ಟಿಗೆ, ಸ್ಪಷ್ಟವಾಗಿ ಕೇಳಿಸಬೇಕು.

ಹೆಚ್ಚಿನವರು ಮೊದಲು ಕೇಳುವುದು ಯಾವ ಆ್ಯಪ್ ಹಾಕಬೇಕು ಎಂದು. ನಮ್ಮ ಲೆಕ್ಕದಲ್ಲಿ ಅದು ಮೂರನೆಯ ಪ್ರಶ್ನೆ. ಮೈಕ್ ಬಾಯಿಂದ ಎಷ್ಟು ದೂರದಲ್ಲಿದೆ ಎಂಬುದು ಮೊದಲನೆಯದು, ತಂಡದಲ್ಲಿ ಮಾತಿನ ಶಿಸ್ತು ಎಷ್ಟಿದೆ ಎಂಬುದು ಎರಡನೆಯದು. ಇವೆರಡು ಸರಿಯಿದ್ದರೆ ಸಾಧಾರಣ ಆ್ಯಪ್ ಕೂಡ ಕೆಲಸ ಮಾಡುತ್ತದೆ. ಇವು ಸರಿಯಿಲ್ಲದಿದ್ದರೆ ಯಾವ ಆ್ಯಪ್ ಹಾಕಿದರೂ ಪ್ರಯೋಜನವಿಲ್ಲ.

ವಾಟ್ಸ್‌ಆ್ಯಪ್ ಗ್ರೂಪ್ ಕಾಲ್ ಸಾಕಾಗುವುದಿಲ್ಲವೇ?

ನಾಲ್ಕೈದು ಜನ, ಅಷ್ಟೇನೂ ಗದ್ದಲವಿಲ್ಲದ ಜಾಗ ಎಂದಾದರೆ ಸಾಕು. ವಾಟ್ಸ್‌ಆ್ಯಪ್ ಒಂದೇ ಕರೆಯಲ್ಲಿ 32 ಜನರಿಗೆ ಅವಕಾಶ ಕೊಡುತ್ತದೆ ನಿಜ. ತೊಂದರೆ ಇರುವುದು ಎಲ್ಲರ ಮೈಕೂ ಸದಾ ತೆರೆದಿರುವುದರಲ್ಲಿ. ಇಪ್ಪತ್ತು ಮೈಕ್ ತೆರೆದಿದ್ದರೆ ಇಪ್ಪತ್ತು ಕಡೆಯ ಗದ್ದಲ ಕಿವಿಗೆ ಬರುತ್ತದೆ, ಅದರಲ್ಲಿ ಇಪ್ಪತ್ತೊಂದನೆಯವರ ಮಾತು ಹುಡುಕಬೇಕಾಗುತ್ತದೆ. ಎಲ್ಲರೂ ಮ್ಯೂಟ್ ಮಾಡಿಕೊಳ್ಳಲಿ ಎಂದರೆ ಪ್ರತಿ ಸಲವೂ ಪರದೆ ನೋಡಿ, ಬೀಗ ತೆಗೆದು, ಗುಂಡಿ ಹುಡುಕಬೇಕು. ರಥದ ಹಗ್ಗದ ಪಕ್ಕ ನಿಂತವರು ಪರದೆ ನೋಡುತ್ತಾ ಇರುವುದು ಅಪಾಯ. ನಡುವೆ ಮನೆಯಿಂದ ಮಾಮೂಲಿ ಕರೆ ಬಂದರೆ ಗ್ರೂಪ್ ಕಾಲ್ ಅಲ್ಲಿಗೇ ತಡೆಹಿಡಿಯಲ್ಪಡುತ್ತದೆ.

ಸಾಮಾನ್ಯ ಫೋನಿನ ಕಾನ್ಫರೆನ್ಸ್ ಕರೆಯಲ್ಲಿ ನಿಮ್ಮ ಜೊತೆಗೆ ಹೆಚ್ಚೆಂದರೆ ಐದು ಜನ ಸೇರಬಹುದು. ಮುಖ್ಯಸ್ಥರ ನಡುವಿನ ಮಾತಿಗೆ ಇದನ್ನು ಮೀಸಲಿಡಿ. ಯಾಕೆ ಎಂಬುದು ನೆಟ್‌ವರ್ಕಿನ ಪ್ರಶ್ನೆಯಲ್ಲಿ ಬರುತ್ತದೆ.

ಹಾಗಾದರೆ ಯಾವ ಬಗೆಯ ಆ್ಯಪ್ ಬೇಕು?

ಗುಂಡಿ ಒತ್ತಿ ಹಿಡಿದಾಗ ಮಾತ್ರ ಮೈಕ್ ತೆರೆಯುವಂಥದ್ದು, ಅಂದರೆ ಪುಶ್ ಟು ಟಾಕ್, ಚಿಕ್ಕದಾಗಿ ಪಿಟಿಟಿ. ವಾಕಿಟಾಕಿಯ ಕ್ರಮವೇ ಇದು. ಒಂದು ಸಲಕ್ಕೆ ಒಬ್ಬರ ಮೈಕ್ ಮಾತ್ರ ತೆರೆದಿರುವುದರಿಂದ ಉಳಿದವರ ಕಡೆಯ ಗದ್ದಲ ಯಾರಿಗೂ ತಲುಪುವುದಿಲ್ಲ. ಗದ್ದಲದ ಜಾಗದಲ್ಲಿ ಇದಕ್ಕಿಂತ ದೊಡ್ಡ ಉಪಕಾರ ಯಾವ ತಂತ್ರಾಂಶವೂ ಮಾಡಲಾರದು.

ಅಂತರ್ಜಾಲ ಇರುವ ಕಡೆ ಝೆಲ್ಲೋ ಎಂಬ ಪಿಟಿಟಿ ಆ್ಯಪ್ ಸುಲಭ. ಚಾನೆಲ್ ಮಾಡಿ ಎಲ್ಲರನ್ನೂ ಸೇರಿಸಿದರೆ ಆಯಿತು. ಗರ್ನಾಲು ಸಿಡಿದಾಗ ತಪ್ಪಿಹೋದ ಮಾತನ್ನು ಮತ್ತೆ ಹಾಕಿ ಕೇಳಬಹುದು, ಈ ಕೆಲಸಕ್ಕೆ ಇದು ತುಂಬ ಬೆಲೆಯುಳ್ಳ ಸೌಲಭ್ಯ. ಅಂತರ್ಜಾಲ ನಂಬಲಾಗದ ಕಡೆ ಮಂಬಲ್ ಎಂಬ ಮುಕ್ತ ತಂತ್ರಾಂಶವನ್ನು ನಿಮ್ಮದೇ ವೈಫೈಯಲ್ಲಿ ನಡೆಸಬಹುದು. ಆಂಡ್ರಾಯ್ಡ್ ಫೋನಿನಲ್ಲಿ ಅದಕ್ಕೆ ಮಮ್ಲಾ (Mumla) ಎಂಬ ಆ್ಯಪ್ ಇದೆ.

ದನಿ ಕೇಳಿದ ಕೂಡಲೇ ತಾನಾಗಿ ಮೈಕ್ ತೆರೆಯುವ ವ್ಯವಸ್ಥೆಯೂ ಈ ಆ್ಯಪ್‌ಗಳಲ್ಲಿ ಇರುತ್ತದೆ. ಅದನ್ನು ಆರಿಸಬೇಡಿ. ಚೆಂಡೆಯ ಪೆಟ್ಟಿಗೂ ನಿಮ್ಮ ಮಾತಿಗೂ ಅದಕ್ಕೆ ವ್ಯತ್ಯಾಸ ತಿಳಿಯದು, ಪೆಟ್ಟು ಬಿದ್ದಾಗಲೆಲ್ಲ ಚಾನೆಲ್ ತೆರೆದುಕೊಳ್ಳುತ್ತದೆ.

ಎಂಥ ಮೈಕ್, ಎಲ್ಲಿ ಇರಬೇಕು?

ಬಾಯಿಯ ಮೂಲೆಯಿಂದ 2–3 ಸೆಂಟಿಮೀಟರ್ ದೂರದಲ್ಲಿ, ತುಟಿಯ ಎದುರಿಗಲ್ಲ, ಪಕ್ಕಕ್ಕೆ. ಎದುರಿಗಿದ್ದರೆ ಉಸಿರು, ‘ಪ’, ‘ಬ’ ಅಕ್ಷರಗಳ ಗಾಳಿ ಮೈಕಿಗೆ ಬಡಿದು ಡಬ್ ಡಬ್ ಎನ್ನುತ್ತದೆ.

ದೂರದ ಲೆಕ್ಕ ಹೀಗೆ. ಬಾಯಿಂದ ಮೈಕಿನ ದೂರ ಅರ್ಧವಾದಾಗಲೆಲ್ಲ ನಿಮ್ಮ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಎದೆಯ ಮೇಲೆ 30 ಸೆಂಟಿಮೀಟರ್ ದೂರದಲ್ಲಿರುವ ಮೈಕನ್ನು 3 ಸೆಂಟಿಮೀಟರಿಗೆ ತಂದರೆ 20 ಡೆಸಿಬೆಲ್ ಲಾಭ. ಸಾಮಾನ್ಯ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬೆಲ್ ಇರುತ್ತದೆ. ಅದೇ ಮಾತು 3 ಸೆಂಟಿಮೀಟರಿನಲ್ಲಿ 90ರ ಹತ್ತಿರ ಬರುತ್ತದೆ. ಚೆಂಡೆಯವರಿಂದ ಸ್ವಲ್ಪ ಸರಿದು ನಿಂತು, ಗಟ್ಟಿಯಾಗಿ ಆದರೆ ಕಿರುಚದೆ ಮಾತಾಡಿದರೆ ದನಿ ಗದ್ದಲಕ್ಕಿಂತ ಮೇಲೆ ಉಳಿಯಲು ಇಷ್ಟು ಸಾಕು.

ಕೊಳ್ಳುವುದಾದರೆ ಕಾಲ್ ಸೆಂಟರಿನವರು ಹಾಕಿಕೊಳ್ಳುವಂಥ, ಕಡ್ಡಿ ಮೈಕ್ ಇರುವ ತಂತಿಯ ಹೆಡ್‌ಸೆಟ್ ಕೊಳ್ಳಿ. ಮೈಕಿಗೆ ಸ್ಪಂಜಿನ ಟೋಪಿ ಇರಲಿ, ಬೆವರಿಗೆ ಹಾಳಾಗುವುದರಿಂದ ಒಂದಕ್ಕೆ ಎರಡು ಹೆಚ್ಚಿಗೆ ಇಟ್ಟುಕೊಳ್ಳಿ. ಪಿನ್ ನೋಡಿಯೇ ಕೊಳ್ಳಬೇಕು: 3.5 ಮಿಲಿಮೀಟರ್ ಪಿನ್ನಿನಲ್ಲಿ ಮೂರು ಗೆರೆ ಇದ್ದರೆ ಮೈಕ್ ಇದೆ ಎಂದರ್ಥ, ಎರಡೇ ಇದ್ದರೆ ಅದು ಬರೀ ಕೇಳಲು. ಕಂಪ್ಯೂಟರಿನ ಜೋಡಿ ಪಿನ್ನಿನ ಹೆಡ್‌ಸೆಟ್ ಫೋನಿಗೆ ನೇರವಾಗಿ ಆಗುವುದಿಲ್ಲ. ಟೈಪ್ ಸಿ ಮಾತ್ರ ಇರುವ ಫೋನಿಗೆ ಪರಿವರ್ತಕ ಬೇಕು, ಅದರೊಳಗೆ ಡ್ಯಾಕ್ ಚಿಪ್ (ಫೋನಿನ ಅಂಕೆ ರೂಪದ ದನಿಯನ್ನು ಕೇಳುವ ದನಿಯಾಗಿಸುವ ಚಿಪ್) ಇರಬೇಕು. ಚಿಪ್ ಇಲ್ಲದ ಅಗ್ಗದ ಪರಿವರ್ತಕ ಕೆಲವು ಫೋನುಗಳಲ್ಲಿ ಮಾತ್ರ ನಡೆಯುತ್ತದೆ. ಆಯಾ ಫೋನಿಗೆ ಹಾಕಿ ನೋಡದೆ ಅಂಗಡಿಯಿಂದ ಹೊರಡಬೇಡಿ.

ಖರ್ಚಿಗೆ ಕೈ ಬರುವುದಿಲ್ಲವೇ? ಫೋನಿನ ಜೊತೆ ಬಂದ ಮಾಮೂಲಿ ಇಯರ್‌ಫೋನಿನ ತಂತಿಯಲ್ಲಿ ಪುಟ್ಟ ಮೈಕ್ ಇರುತ್ತದೆ. ಮಾತಾಡುವಾಗ ಅದನ್ನು ಎರಡು ಬೆರಳಲ್ಲಿ ಹಿಡಿದು ಬಾಯಿಯ ಮೂಲೆಗೆ ತನ್ನಿ, ತೂತು ಮುಚ್ಚದಂತೆ ನೋಡಿಕೊಳ್ಳಿ. ಸೊಗಸು ಕಡಿಮೆ, ಕೆಲಸ ಪೂರ್ತಿ.

ಬ್ಲೂಟೂತ್ ಇಯರ್‌ಬಡ್ ಇದೆ, ಅದು ಆಗದೇ?

ಹಾಡು ಕೇಳುವಾಗ ಚೆನ್ನಾಗಿರುವ ಇಯರ್‌ಬಡ್ ಮಾತಿಗೆ ಸಪ್ಪೆಯಾಗುತ್ತದೆ. ಮೈಕ್ ಬಳಸಿದ ಕೂಡಲೇ ಬ್ಲೂಟೂತ್ ಬೇರೆ ಕ್ರಮಕ್ಕೆ ಇಳಿಯುತ್ತದೆ. ಹಳೆಯ ಸಾಧನಗಳಲ್ಲಿ ಸೆಕೆಂಡಿಗೆ 8,000 ಮಾದರಿಗಳ (ಸ್ಯಾಂಪಲ್) ದನಿ, ಸ್ವಲ್ಪ ಹೊಸದರಲ್ಲಿ 16,000. ಮೊದಲನೆಯದರಲ್ಲಿ 4 ಕಿಲೋಹರ್ಟ್ಸ್ ಮೇಲಿನದ್ದೆಲ್ಲ ಕಳೆದುಹೋಗುತ್ತದೆ. ‘ಸ’, ‘ಶ’, ‘ಫ’ ಒಂದರಿಂದೊಂದು ಬೇರೆಯಾಗಿ ಕೇಳಿಸುವುದು ಬಹುಮಟ್ಟಿಗೆ ಆ ಭಾಗದಿಂದಲೇ.

ಇನ್ನೊಂದು, ಇಯರ್‌ಬಡ್‌ನ ಮೈಕ್ ಕಿವಿಯಲ್ಲಿರುತ್ತದೆ, ಬಾಯಿಯಲ್ಲಲ್ಲ. ಜನಜಂಗುಳಿಯಲ್ಲಿ ನೂರಾರು ಬ್ಲೂಟೂತ್, ಹಾಟ್‌ಸ್ಪಾಟ್ ಒಂದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಕಿತ್ತಾಡುತ್ತವೆ. ಫೋನು ಹಿಂದಿನ ಕಿಸೆಯಲ್ಲಿದ್ದರೆ ನಿಮ್ಮ ಮೈಯೇ ಅಲೆಗೆ ಅಡ್ಡ. ಬ್ಲೂಟೂತನ್ನೇ ಬಳಸಬೇಕಾದರೆ ಕಡ್ಡಿ ಮೈಕ್ ಇರುವುದನ್ನು ಆರಿಸಿ, ಮೈಕ್ ಇರುವ ಬದಿಯ ಎದೆಕಿಸೆಯಲ್ಲೇ ಫೋನ್ ಇಡಿ.

ಡಬ್ಬದ ಮೇಲೆ ‘ನಾಯ್ಸ್ ಕ್ಯಾನ್ಸಲೇಷನ್’ ಎಂದು ಬರೆದಿದೆಯಲ್ಲ?

ಅದು ಎರಡು ಬೇರೆ ಬೇರೆ ಸಂಗತಿಗಳಿಗೆ ಇಡುವ ಒಂದೇ ಹೆಸರು. ಒಂದು, ನಿಮ್ಮ ಕಿವಿಗೆ ಹೊರಗಿನ ಗದ್ದಲ ಕಡಿಮೆ ಮಾಡುವುದು. ಇನ್ನೊಂದು, ನಿಮ್ಮ ಮೈಕಿನಿಂದ ಹೋಗುವ ದನಿಯಲ್ಲಿ ಗದ್ದಲ ಕಡಿಮೆ ಮಾಡುವುದು. ತಂಡಕ್ಕೆ ಬೇಕಾದದ್ದು ಎರಡನೆಯದು, ಜಾಹೀರಾತು ಹೆಚ್ಚಾಗಿ ಮೊದಲನೆಯದರದು.

ಮೈಕಿನ ಕಡೆಯ ಗದ್ದಲ ಕಡಿತ ಒಂದೇ ಸಮನೆ ಬರುವ ಶಬ್ದದ ಮೇಲೆ ಚೆನ್ನಾಗಿ ನಡೆಯುತ್ತದೆ: ಜನರೇಟರ್, ಫ್ಯಾನ್, ಮಲ್ಪೆ ದಕ್ಕೆಯಲ್ಲಿ ನಿಂತ ಬೋಟಿನ ಎಂಜಿನ್. ಚೆಂಡೆ, ತಾಸೆ, ಗರ್ನಾಲು ಹಾಗಲ್ಲ. ಪೆಟ್ಟು ಥಟ್ಟನೆ ಏರಿ ಇಳಿಯುತ್ತದೆ, ಲೆಕ್ಕಾಚಾರ ಹಿಡಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ಜನರ ಗುಜುಗುಜು ಇನ್ನೂ ಕಷ್ಟ, ಏಕೆಂದರೆ ಅದೂ ಮಾತೇ. ಯಾವ ಮಾತು ನಿಮ್ಮದು, ಯಾವುದು ಪಕ್ಕದ ಚರುಮುರಿ ಗಾಡಿಯವರದು ಎಂದು ಯಂತ್ರ ಬೇರ್ಪಡಿಸುವ ಹೊತ್ತಿಗೆ ನಿಮ್ಮ ಮಾತಿನ ತುಣುಕುಗಳನ್ನೂ ಕತ್ತರಿಸಿರುತ್ತದೆ. ಆ್ಯಪ್‌ನಲ್ಲಿ ಈ ಸೌಲಭ್ಯ ಇದ್ದರೆ ಹಾಕಿಯೂ ತೆಗೆದೂ ಕೇಳಿ ನೋಡಿ. ಬಾಯಿಯ ಹತ್ತಿರದ ಕಡ್ಡಿ ಮೈಕ್ ಇದ್ದಾಗ ಎಷ್ಟೋ ಸಲ ತೆಗೆದರೇ ಮಾತು ಸ್ಪಷ್ಟ. ಐಫೋನಿನವರು ಕರೆಯ ನಡುವೆ ಕಂಟ್ರೋಲ್ ಸೆಂಟರ್ ತೆರೆದು ಮೈಕ್ ವಿಭಾಗದಲ್ಲಿ ವಾಯ್ಸ್ ಐಸೊಲೇಷನ್ ಆರಿಸಿ ನೋಡಬಹುದು.

ಹೆಡ್‌ಸೆಟ್ ಇಲ್ಲದೆ ಬರೀ ಫೋನಿನಲ್ಲೇ ಮಾತಾಡುವಾಗ ಒಂದು ಎಚ್ಚರ ಬೇಕು. ಹೆಚ್ಚಿನ ಫೋನುಗಳಿಗೆ ಕೆಳಗೊಂದು, ಮೇಲೊಂದು ಮೈಕ್ ಇರುತ್ತದೆ. ಕೆಳಗಿನದು ಮಾತು ಹಿಡಿಯುತ್ತದೆ, ಮೇಲಿನದು ಗದ್ದಲ ಹಿಡಿದು ಕಳೆಯಲು ನೆರವಾಗುತ್ತದೆ. ಬೆರಳೋ ಕವರೋ ಮೇಲಿನ ತೂತನ್ನು ಮುಚ್ಚಿದರೆ ಇಡೀ ವ್ಯವಸ್ಥೆ ಕೆಡುತ್ತದೆ.

ನಮಗೇ ಸರಿಯಾಗಿ ಕೇಳಿಸುವುದಿಲ್ಲ. ವಾಲ್ಯೂಮ್ ಪೂರ್ತಿ ಏರಿಸಿದರೂ ಅಷ್ಟೇ.

ವಾಲ್ಯೂಮ್ ಏರಿಸುವ ಬದಲು ಗದ್ದಲವನ್ನು ಹೊರಗಿಡಿ. ರಬ್ಬರ್ ಅಥವಾ ಸ್ಪಂಜಿನ ತುದಿ ಕಿವಿಯೊಳಗೆ ಸರಿಯಾಗಿ ಕೂತರೆ ಹೊರಗಿನ ಶಬ್ದ ಸುಮಾರು 20 ಡೆಸಿಬೆಲ್ ಇಳಿಯುತ್ತದೆ. ಸ್ಪಂಜಿನದನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೆ ಹಿಂದಕ್ಕೆ ಎಳೆದು ಒಳಗಿಡಬೇಕು. ಅದು ಉಬ್ಬುವ ತನಕ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಸುಮ್ಮನೆ ತುರುಕಿದರೆ ಅರ್ಧಕ್ಕೆ ನಿಲ್ಲುತ್ತದೆ, ಪ್ರಯೋಜನವೂ ಅರ್ಧವೇ.

ಒಂದೇ ಕಿವಿಯ ಹೆಡ್‌ಸೆಟ್ ಆದರೆ ಇನ್ನೊಂದು ಕಿವಿಗೆ ಬರೀ ಸ್ಪಂಜಿನ ಬಿರಡೆ ಹಾಕಿ. ಒಂದು ಕಿವಿ ತೆರೆದಿದ್ದರೆ ಗದ್ದಲ ಅಲ್ಲಿಂದ ನುಗ್ಗಿ ಈ ಕಿವಿಯ ಮಾತನ್ನೂ ಮುಳುಗಿಸುತ್ತದೆ. ಆದರೆ ರಥದ ಚಕ್ರದ ಬಳಿ, ವಾಹನ ಓಡುವ ರಸ್ತೆಯಲ್ಲಿ ನಿಂತವರು ಎರಡೂ ಕಿವಿ ಮುಚ್ಚಲೇಬಾರದು. ಅಂಥವರ ಪಕ್ಕದಲ್ಲಿ ಎರಡೂ ಕಿವಿ ಮುಚ್ಚಿದ ಇನ್ನೊಬ್ಬರು ಕೇಳುಗರಾಗಿ ನಿಲ್ಲಲಿ. ಅವರು ಕೇಳಿ, ಭುಜ ತಟ್ಟಿ ಹೇಳಲಿ.

ಕಿವಿಯ ರಕ್ಷಣೆ ಸಣ್ಣ ಮಾತಲ್ಲ. 85 ಡೆಸಿಬೆಲ್ ಶಬ್ದದಲ್ಲಿ 8 ಗಂಟೆ ಎಂಬುದು ಕೆಲಸದ ಜಾಗಗಳಿಗೆ ಬಳಕೆಯಲ್ಲಿರುವ ಒಂದು ಮಿತಿ. ಶಬ್ದ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧವಾಗುತ್ತದೆ: 88ರಲ್ಲಿ 4 ಗಂಟೆ, 94ರಲ್ಲಿ 1 ಗಂಟೆ, 100ರಲ್ಲಿ 15 ನಿಮಿಷ. ನಾಸಿಕ್ ಬ್ಯಾಂಡಿನ ಎದುರು ನಿಂತ ಸ್ವಯಂಸೇವಕರು ಈ 15 ನಿಮಿಷ ಮೀರುವುದು ತಿಳಿಯುವುದೇ ಇಲ್ಲ. ಮರುದಿನ ಕಿವಿಯಲ್ಲಿ ಕುಂಯ್ ಎಂಬ ಶಬ್ದ ಉಳಿದರೆ ಪೆಟ್ಟಾಗಿದೆ ಎಂದೇ ತಿಳಿಯಿರಿ. ಹುಡುಗರನ್ನು ಗಂಟೆಗೊಮ್ಮೆ ಸ್ಥಳ ಬದಲಾಯಿಸಿ.

ಜೋರಾಗಿ ಕಿರುಚಿದರೂ ಅವರಿಗೆ ‘ಬರಬರ’ ಎಂದಷ್ಟೇ ಕೇಳುತ್ತದಂತೆ. ಏಕೆ?

ಕಿರುಚುವುದರಿಂದಲೇ. ಗದ್ದಲದಲ್ಲಿ ಮನುಷ್ಯ ಅರಿವಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದರು, ಇಂದಿಗೂ ಅದಕ್ಕೆ ಅವರದೇ ಹೆಸರು. ದನಿ ಏರಿದಾಗ ಸ್ವರಗಳು ಉಬ್ಬುತ್ತವೆ, ವ್ಯಂಜನಗಳು ಅಷ್ಟು ಏರುವುದಿಲ್ಲ. ಮೈಕೂ ತನ್ನ ಮಿತಿ ಮೀರಿ ದನಿಯ ತುದಿಗಳನ್ನು ಕತ್ತರಿಸುತ್ತದೆ. ಆ ಕಡೆ ಉಳಿಯುವುದು ಬರೀ ‘ಆ… ಊ…’. ಮೈಕ್ ಹತ್ತಿರ ತನ್ನಿ, ದನಿ ಇಳಿಸಿ, ನಿಧಾನ ಮಾಡಿ. ಬೆನ್ನು ಗದ್ದಲದ ಕಡೆಗಿರಲಿ, ಅಂಗೈಯನ್ನು ಮೈಕಿಗೆ ಮರೆಯಾಗಿ ಹಿಡಿಯಿರಿ. ಗೋಡೆಯ ಮೂಲೆಗೆ ಮುಖ ಮಾಡಿ ನಿಲ್ಲಬೇಡಿ, ಮೂಲೆಯಲ್ಲಿ ಶಬ್ದ ಮರಳಿ ಬಂದು ಕೂಡಿಕೊಳ್ಳುತ್ತದೆ.

ಚಾನೆಲ್‌ನಲ್ಲಿ ಹೇಗೆ ಮಾತಾಡಬೇಕು?

ಎಲ್ಲಕ್ಕಿಂತ ಹೆಚ್ಚು ತರಬೇತಿ ಬೇಕಾದ ಭಾಗ ಇದು, ಎಲ್ಲಕ್ಕಿಂತ ಕಡಿಮೆ ಸಿಗುವುದೂ ಇದಕ್ಕೇ.

ಗುಂಡಿ ಒತ್ತಿ, ಬೀಪ್ ಬರುವ ತನಕ ಕಾದು, ಮಾತಾಡಿ, ಮುಗಿದ ಮೇಲೂ ಅರ್ಧ ಸೆಕೆಂಡ್ ಒತ್ತಿ ಹಿಡಿದು ಬಿಡಿ. ಈ ಕೊನೆಯ ಅರ್ಧ ಸೆಕೆಂಡ್ ಕನ್ನಡ, ತುಳು ಮಾತಾಡುವವರಿಗೆ ಬಹಳ ಮುಖ್ಯ. ನಮ್ಮ ಮಾತಿನಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಕೊನೆಗೇ ಅಂಟುತ್ತದೆ. ‘ಹಗ್ಗ ಎಳೆಯಬೇಡಿ’ ಎನ್ನುವವರು ಅವಸರದಲ್ಲಿ ಬೆರಳು ತೆಗೆದರೆ ಆ ಕಡೆಗೆ ಹೋಗುವುದು ‘ಹಗ್ಗ ಎಳೆಯ…’. ಆದ್ದರಿಂದ ಅಪಾಯದ ಆದೇಶಗಳಲ್ಲಿ ‘ಬೇಡಿ’ ಎಂಬುದನ್ನೇ ಬಳಸಬೇಡಿ. ‘ನಿಲ್ಲಿಸಿ, ನಿಲ್ಲಿಸಿ, ರಥ ನಿಲ್ಲಿಸಿ’ ಎನ್ನಿ. ಆಗ ಯಾವ ತುದಿ ಕತ್ತರಿಸಿದರೂ ಅರ್ಥ ಉಳಿಯುತ್ತದೆ.

ಗದ್ದಲದಲ್ಲಿ ಸ್ವರ ಉಳಿದು ವ್ಯಂಜನ ಸಾಯುತ್ತದೆ. ಹೀಗಾಗಿ ಒಂದೇ ಬಾಲದ ಪದಗಳು ಗೊಂದಲ ಮಾಡುತ್ತವೆ. ‘ಹಿಡಿ’–‘ಬಿಡಿ’, ‘ಬೇಕು’–‘ಸಾಕು’, ‘ಮೂಡು’–‘ಪಡು’ (ಪೂರ್ವ–ಪಶ್ಚಿಮ): ಜೋಡಿಯ ಎರಡು ಪದಗಳಿಗೂ ವಿರುದ್ಧ ಅರ್ಥ, ಕೇಳುವುದು ಹೆಚ್ಚು ಕಡಿಮೆ ಒಂದೇ. ತುಳುವಿನ ‘ಬೋಡು’ (ಬೇಕು), ‘ಬೊಡ್ಚಿ’ (ಬೇಡ) ಕೂಡ ಗೊಂದಲ ಮಾಡುತ್ತವೆ. ‘ಅನ್ನ ಸಾಕು’ ಎಂದದ್ದು ‘ಅನ್ನ ಬೇಕು’ ಎಂದು ಕೇಳಿ ಇನ್ನೊಂದು ಹಂಡೆ ಒಲೆಗೇರಬಾರದು. ಬದಲಿಗೆ ಹೀಗೆ ಗೊತ್ತು ಮಾಡಿಕೊಳ್ಳಿ: ‘ಅನ್ನ ಕಳುಹಿಸಿ’ ಮತ್ತು ‘ಅನ್ನ ನಿಲ್ಲಿಸಿ’. ಹಗ್ಗಕ್ಕೆ ‘ಎಳೆಯಿರಿ’, ‘ನಿಲ್ಲಿಸಿ’, ‘ಸಡಿಲ ಮಾಡಿ’ ಈ ಮೂರೇ ಪದ.

ಸಂಖ್ಯೆಗಳಲ್ಲಿ ‘ಮೂರು’, ‘ಆರು’, ‘ನೂರು’ ಒಂದಕ್ಕೊಂದು ಬೆರೆತುಹೋಗುತ್ತವೆ. ಎಣಿಸಿ ಹೇಳಿ: ‘ಮೂರು. ಒಂದು, ಎರಡು, ಮೂರು.’ ಬಾಗಿಲುಗಳಿಗೆ, ಪಾರ್ಕಿಂಗ್ ಜಾಗಗಳಿಗೆ ಸಂಖ್ಯೆ ಕೊಡದೆ ಹೆಸರು ಕೊಡುವುದೇ ಮೇಲು. ಉಡುಪಿ ರಥಬೀದಿಯಲ್ಲಿ ಅನಂತೇಶ್ವರ, ಚಂದ್ರಮೌಳೀಶ್ವರ ಎರಡರ ಬಾಲವೂ ಒಂದೇ ಆದ್ದರಿಂದ ಚಾನೆಲ್‌ನಲ್ಲಿ ‘ಅನಂತ’, ‘ಮೌಳಿ’ ಎಂದಷ್ಟೇ ಇಟ್ಟುಕೊಳ್ಳಬಹುದು. ಕಂಬಳದಲ್ಲಿ ‘ಗಂತು’ (ಓಟ ಶುರುವಾಗುವ ಕಡೆ), ‘ಮಂಜೊಟ್ಟಿ’ (ಓಟ ಮುಗಿಯುವ ಕಡೆ) ಎಂಬ ಹೆಸರುಗಳೇ ಬೇರೆ ಬೇರೆಯಾಗಿ ಕೇಳಿಸುತ್ತವೆ, ಹೊಸದನ್ನು ಹುಡುಕಬೇಡಿ.

ಕರೆಯುವ ಕ್ರಮ: ಯಾರಿಗೆ ಎಂಬುದು ಮೊದಲು, ಎರಡು ಸಲ. ಆಮೇಲೆ ಯಾರಿಂದ. ಆಮೇಲೆ ಒಂದೇ ವಿಷಯ. ‘ಪಾರ್ಕಿಂಗ್, ಪಾರ್ಕಿಂಗ್, ರಥದಿಂದ. ಆಂಬುಲೆನ್ಸಿಗೆ ದಾರಿ ಬಿಡಿಸಿ.’ ಕೇಳಿದವರು ‘ಹಾಂ’, ‘ಆಯ್ತು’ ಎನ್ನಬಾರದು, ವಿಷಯವನ್ನೇ ಮರಳಿ ಹೇಳಬೇಕು: ‘ಪಾರ್ಕಿಂಗ್. ಆಂಬುಲೆನ್ಸಿಗೆ ದಾರಿ ಬಿಡಿಸುತ್ತೇವೆ.’ ತಪ್ಪು ಕೇಳಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ‘ತುರ್ತು, ತುರ್ತು’ ಎಂದು ಕೇಳಿದ ಕೂಡಲೇ ಉಳಿದವರೆಲ್ಲ ಗುಂಡಿಯಿಂದ ಬೆರಳು ತೆಗೆಯಬೇಕು.

‘ಅಣ್ಣಾ, ಎಲ್ಲಿದ್ದೀರಿ ಮಾರಾಯ್ರೆ, ಸ್ವಲ್ಪ ಕೇಳಿ’ ಎಂಬುದು ನಮ್ಮ ಊರಿನ ಸಹಜ ಮಾತು. ಚಾನೆಲ್‌ನಲ್ಲಿ ಅದಕ್ಕೆ ಜಾಗವಿಲ್ಲ. ಹೆಸರು, ಸಂಬಂಧ ಬಿಟ್ಟು ಜಾಗದ ಹೆಸರಿನಿಂದ ಕರೆಯಬೇಕು. ಹಿರಿಯರಿಗೆ ಬೇಸರವಾಗದಂತೆ ಮುಂಚಿನ ಸಭೆಯಲ್ಲೇ ಇದನ್ನು ಎಲ್ಲರೆದುರು ಹೇಳಿಬಿಡಿ. ಒಮ್ಮೆ ಹೇಳಿದರೆ ಯಾರೂ ತಪ್ಪು ತಿಳಿಯುವುದಿಲ್ಲ.

ಒಂದು ಚಾನೆಲ್‌ನಲ್ಲಿ ಎಷ್ಟು ಜನ?

ಹತ್ತರ ಒಳಗಿದ್ದರೆ ಒಳ್ಳೆಯದು. ಹೆಚ್ಚಿದ್ದರೆ ರಥ, ಪಾರ್ಕಿಂಗ್, ಊಟ, ಪ್ರಥಮ ಚಿಕಿತ್ಸೆ ಎಂದು ವಿಂಗಡಿಸಿ. ಮುಖ್ಯಸ್ಥರಿಗೆ ಇನ್ನೊಂದು ಚಾನೆಲ್. ಇವುಗಳ ನಡುವೆ ಸುದ್ದಿ ದಾಟಿಸಲು ಗದ್ದಲವಿಲ್ಲದ ಕೋಣೆಯಲ್ಲಿ ಒಬ್ಬರು ಕೂರಬೇಕು. ಅವರಿಗೆ ಬೇರೆ ಯಾವ ಕೆಲಸವೂ ಇರಬಾರದು. ಎದುರಿಗೆ ಪುಸ್ತಕ, ಸಮಯ ಬರೆದುಕೊಳ್ಳುವ ಅಭ್ಯಾಸ, ಸ್ಪಷ್ಟ ದನಿ ಇಷ್ಟು ಸಾಕು. ಚೆಂಡೆಯ ಬಳಿಯಿಂದ ಬಂದ ಅರೆಬರೆ ಮಾತನ್ನು ಇವರು ಶುದ್ಧ ದನಿಯಲ್ಲಿ ಮತ್ತೊಮ್ಮೆ ಹೇಳಿದರೆ ಎಲ್ಲರಿಗೂ ತಿಳಿಯುತ್ತದೆ.

ಜನ ಸೇರಿದ ಕೂಡಲೇ ನೆಟ್ ನಿಂತುಹೋಗುತ್ತದೆ. ಏನು ಮಾಡುವುದು?

ಪರ್ಯಾಯದಂಥ ದಿನ, ಜನವರಿ 18ರ ನಸುಕಿನಲ್ಲಿ ಜೋಡುಕಟ್ಟೆಯಿಂದ ರಥಬೀದಿಯ ತನಕ ಸೇರುವ ಜನರೆಲ್ಲ ವಿಡಿಯೋ ಕಳಿಸುತ್ತಿರುತ್ತಾರೆ. ಟವರಿನ ಸಾಮರ್ಥ್ಯ ಹಂಚಿಹೋಗುತ್ತದೆ. ಸಿಗ್ನಲ್ ಕಡ್ಡಿ ಪೂರ್ತಿ ಇದ್ದರೂ ಡೇಟಾ ಚಲಿಸುವುದಿಲ್ಲ. ಕಡ್ಡಿ ತೋರಿಸುವುದು ಅಲೆಯ ಬಲವನ್ನು, ದಟ್ಟಣೆಯನ್ನಲ್ಲ.

ಇಲ್ಲಿ ತಿಳಿದಿರಬೇಕಾದ್ದು: ಸಾಮಾನ್ಯ ವೋಲ್ಟೆ ಕರೆಗೆ (4ಜಿಯಲ್ಲಿ ಹೋಗುವ ಮಾಮೂಲಿ ಫೋನ್ ಕರೆಗೆ) ನೆಟ್‌ವರ್ಕಿನಲ್ಲಿ ಡೇಟಾಕ್ಕಿಂತ ಹೆಚ್ಚಿನ ಆದ್ಯತೆ ಇದೆ. ಝೆಲ್ಲೋ, ವಾಟ್ಸ್‌ಆ್ಯಪ್‌ಗಳ ಮಾತು ಮಾಮೂಲಿ ಡೇಟಾದ ಸಾಲಿನಲ್ಲಿ ನಿಲ್ಲುತ್ತದೆ. ಆದ್ದರಿಂದ ಆ್ಯಪ್ ಸತ್ತಾಗಲೂ ನೇರ ಕರೆ ಹೋಗುವ ಸಾಧ್ಯತೆ ಇದೆ. ಮುಖ್ಯಸ್ಥರ ಕಾನ್ಫರೆನ್ಸ್ ಕರೆಯನ್ನು ಇದಕ್ಕಾಗಿಯೇ ಮೀಸಲಿಡಲು ಹೇಳಿದ್ದು. ಮುಖ್ಯಸ್ಥರ ಫೋನಿನಲ್ಲಿ ಎರಡು ಬೇರೆ ಕಂಪನಿಗಳ ಸಿಮ್ ಇರಲಿ.

ನಂಬಿಕೆಯ ದಾರಿ ಬೇಕೆಂದರೆ ಅಂತರ್ಜಾಲವನ್ನೇ ಬಿಟ್ಟು ನಿಮ್ಮ ವೈಫೈ ಹಾಕಿಕೊಳ್ಳಿ. ಕ್ರಮ ಹೀಗೆ:

1. ಒಂದು ಲ್ಯಾಪ್‌ಟಾಪ್ ಅಥವಾ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಮಂಬಲ್ ಸರ್ವರ್ ಹಾಕಿ. ಅದನ್ನು ರೂಟರಿಗೆ ಕೇಬಲ್‌ನಿಂದ ಜೋಡಿಸಿ, 192.168.1.10 ಎಂಬಂಥ ಸ್ಥಿರ ವಿಳಾಸ ಕೊಡಿ.
2. ಫೈರ್‌ವಾಲ್‌ನಲ್ಲಿ 64738 ಪೋರ್ಟನ್ನು ಟಿಸಿಪಿ, ಯುಡಿಪಿ ಎರಡಕ್ಕೂ ತೆರೆಯಿರಿ. ‘ಸಂಪರ್ಕವೇ ಆಗುತ್ತಿಲ್ಲ’ ಎಂದಾಗ ಮೊದಲು ನೋಡಬೇಕಾದ್ದು ಇದನ್ನೇ.
3. ವೈಫೈ 2.4 ಗಿಗಾಹರ್ಟ್ಸ್‌ನಲ್ಲಿದ್ದರೆ 1, 6, 11 ಈ ಮೂರರಲ್ಲಿ ಖಾಲಿಯಿರುವ ಚಾನೆಲ್ ಆರಿಸಿ, ಅಗಲ 20 ಮೆಗಾಹರ್ಟ್ಸ್ ಇರಲಿ. 5 ಗಿಗಾಹರ್ಟ್ಸ್‌ನಲ್ಲಿ ದಟ್ಟಣೆ ಕಡಿಮೆ, ದೂರವೂ ಕಡಿಮೆ.
4. ಫೋನಿನ ಮಮ್ಲಾದಲ್ಲಿ ವಿಳಾಸ, ಪೋರ್ಟ್, ಜಾಗದ ಹೆಸರು ಹಾಕಿ, ಪುಶ್ ಟು ಟಾಕ್ ಆರಿಸಿ.
5. ‘ಈ ವೈಫೈಯಲ್ಲಿ ಇಂಟರ್ನೆಟ್ ಇಲ್ಲ, ಆದರೂ ಸಂಪರ್ಕದಲ್ಲಿರಬೇಕೇ’ ಎಂದು ಆಂಡ್ರಾಯ್ಡ್ ಕೇಳುತ್ತದೆ. ಹೌದು ಎನ್ನಿ, ಮೊಬೈಲ್ ಡೇಟಾ ಆಫ್ ಮಾಡಿ. ಇಲ್ಲದಿದ್ದರೆ ಫೋನು ಸದ್ದಿಲ್ಲದೆ ವೈಫೈ ಬಿಟ್ಟು ಡೇಟಾಕ್ಕೆ ಜಾರುತ್ತದೆ.

ಮನುಷ್ಯರ ಮೈಯಲ್ಲಿ ನೀರೇ ಹೆಚ್ಚು, ನೀರು ವೈಫೈ ಅಲೆಯನ್ನು ಹೀರುತ್ತದೆ. ಖಾಲಿ ಅಂಗಳದಲ್ಲಿ ಚೆನ್ನಾಗಿ ಸಿಕ್ಕ ಸಿಗ್ನಲ್ ಜನ ತುಂಬಿದ ಮೇಲೆ ಸಿಗದಿರುವುದಕ್ಕೆ ಇದೇ ಕಾರಣ. ವೈಫೈ ಪೆಟ್ಟಿಗೆಯನ್ನು ತಲೆಗಳಿಗಿಂತ ಮೇಲೆ, 4–5 ಮೀಟರ್ ಎತ್ತರದಲ್ಲಿ ಕಟ್ಟಿ. ಜನರ ನಡುವೆ ಫೋನಿನ ಸಣ್ಣ ಆಂಟೆನಾ ಐವತ್ತು ಮೀಟರ್ ದಾಟುವುದು ಕಷ್ಟವೆಂದೇ ಲೆಕ್ಕ ಹಾಕಿ, ಎರಡು ಮೂರು ಪೆಟ್ಟಿಗೆಗಳನ್ನು ಕೇಬಲ್‌ನಿಂದ ಜೋಡಿಸಿ. ಒಂದು ತುಂಡು ಲ್ಯಾನ್ ಕೇಬಲ್‌ನ ಮಿತಿ 100 ಮೀಟರ್. ರೂಟರ್, ಲ್ಯಾಪ್‌ಟಾಪ್ ಎರಡಕ್ಕೂ ಯುಪಿಎಸ್ ಬೇಕು, ಪೆಂಡಾಲಿನ ಜನರೇಟರ್ ಬದಲಾಗುವಾಗ ಕರೆಂಟು ಹೋಗಿಯೇ ಹೋಗುತ್ತದೆ.

ಸರ್ವರಿನಲ್ಲಿ ಇನ್ನೊಂದು ಅನುಕೂಲವಿದೆ. ಯಾರದೋ ಕಿಸೆಯಲ್ಲಿ ಗುಂಡಿ ಒತ್ತಿಕೊಂಡು ಚಾನೆಲ್ ಪೂರ್ತಿ ಅವರ ಗದ್ದಲವೇ ತುಂಬಿದಾಗ, ಕೋಣೆಯಲ್ಲಿ ಕೂತವರು ಆ ಫೋನನ್ನು ಅಲ್ಲಿಂದಲೇ ಮ್ಯೂಟ್ ಮಾಡಬಹುದು.

ಡೇಟಾ ಎಷ್ಟು ಖರ್ಚಾಗುತ್ತದೆ?

ತೀರಾ ಕಡಿಮೆ. ಮಂಬಲ್ ಬಳಸುವ ಓಪಸ್ ಎಂಬ ಕೋಡೆಕ್‌ನಲ್ಲಿ (ದನಿಯನ್ನು ಕುಗ್ಗಿಸಿ ಕಳಿಸುವ ಕ್ರಮದಲ್ಲಿ) ಮಾತಿಗೆ ಸೆಕೆಂಡಿಗೆ 24 ಕಿಲೋಬಿಟ್ ಸಾಕು. ದನಿ ಹೊತ್ತ ಪೊಟ್ಟಣಗಳ (ಪ್ಯಾಕೆಟ್) ತಲೆಬರಹ ಸೇರಿ 40 ಎಂದಿಟ್ಟುಕೊಂಡರೂ, ಒಂದು ಗಂಟೆ ಎಡೆಬಿಡದ ಮಾತಿಗೆ 18 ಮೆಗಾಬೈಟ್. ಯಾರೂ ಮಾತಾಡದಿದ್ದಾಗ ಹೆಚ್ಚುಕಡಿಮೆ ಏನೂ ಇಲ್ಲ.

ಅರ್ಧ ಗಂಟೆ ಕಳೆದ ಮೇಲೆ ಕೆಲವರ ಫೋನು ತಂಡದಿಂದ ಮಾಯವಾಗುತ್ತದೆ.

ಬ್ಯಾಟರಿ ಉಳಿಸಲು ಫೋನೇ ಆ್ಯಪನ್ನು ನಿಲ್ಲಿಸಿರುತ್ತದೆ. ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪಟ್ಟಿಯಲ್ಲಿ ಆ ಆ್ಯಪ್ ತೆರೆದು, ಬ್ಯಾಟರಿ ವಿಭಾಗದಲ್ಲಿ ‘ನಿರ್ಬಂಧವಿಲ್ಲ’ ಎಂದು ಮಾಡಿ. ಕೆಲವು ಫೋನುಗಳಲ್ಲಿ ‘ಆಟೋಸ್ಟಾರ್ಟ್’ ಎಂಬುದನ್ನು ಬೇರೆಯಾಗಿ ತೆರೆಯಬೇಕು. ಬ್ಯಾಟರಿ ಸೇವರ್ ಆಫ್ ಇರಲಿ. ಪ್ರತಿ ಇಬ್ಬರಿಗೆ 10,000 ಎಂಎಎಚ್‌ನ ಒಂದು ಪವರ್ ಬ್ಯಾಂಕ್ ಸಾಕು. ಟೈಪ್ ಸಿ ಹೆಡ್‌ಸೆಟ್ ಹಾಕಿದವರಿಗೆ ಚಾರ್ಜಿಂಗ್ ತೂತು ಖಾಲಿ ಇರುವುದಿಲ್ಲ ಎಂಬುದು ನೆನಪಿರಲಿ, ಅವರ ಪಾಳಿ ಮುಗಿದಾಗಲೇ ಚಾರ್ಜ್ ಮಾಡಬೇಕು.

ಗುಂಡಿಗೆ ವಾಲ್ಯೂಮ್ ಕೀಯನ್ನೋ ಹೆಡ್‌ಸೆಟ್ಟಿನ ಗುಂಡಿಯನ್ನೋ ಹೊಂದಿಸಿಕೊಳ್ಳಿ. ಹೆಡ್‌ಸೆಟ್ ಗುಂಡಿ ಸಾಮಾನ್ಯವಾಗಿ ಒಮ್ಮೆ ಒತ್ತಿದರೆ ಆನ್, ಮತ್ತೊಮ್ಮೆ ಒತ್ತಿದರೆ ಆಫ್. ಎರಡನೆಯದನ್ನು ಮರೆತರೆ ಚಾನೆಲ್ ಕಟ್ಟಿಕೊಳ್ಳುತ್ತದೆ. ಒತ್ತಿ ಹಿಡಿಯುವ ಕ್ರಮ ಸಿಕ್ಕರೆ ಅದೇ ಒಳ್ಳೆಯದು.

ಮಳೆ, ಬೆವರು?

ಉಡುಪಿಯ ವಿಟ್ಲಪಿಂಡಿ ಮಳೆಗಾಲದ ಕೊನೆಗೆ ಬರುತ್ತದೆ. ಫೋನನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಅದರ ಮೈಕ್ ಮುಚ್ಚಿಹೋಗುತ್ತದೆ, ಹಾಗಾಗಿ ಅಂದು ತಂತಿಯ ಹೆಡ್‌ಸೆಟ್ ಕಡ್ಡಾಯ. ಫೋನು ಚೀಲದಲ್ಲಿರಲಿ, ತಂತಿ ಚೀಲದ ಕೆಳಬದಿಯಿಂದ ಹೊರಬರಲಿ. ಕಡಲ ಬದಿಯ ಉಪ್ಪುಗಾಳಿಗೆ ಪಿನ್ನು ಬೇಗ ಮಂಕಾಗಿ ಕರಕರ ಶಬ್ದ ಬರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಒಣ ಬಟ್ಟೆಯಿಂದ ಒರೆಸಿ, ಡಬ್ಬದಲ್ಲಿ ಮುಚ್ಚಿಡಿ.

ಕಂಬಳದಲ್ಲಿ ಓಟ ಬಿಡಲು, ಸಮಯ ನೋಡಲು ಇದನ್ನು ಬಳಸಬಹುದೇ?

ಬೇಡ. ಅಂತರ್ಜಾಲದ ಪಿಟಿಟಿಯಲ್ಲಿ ಮಾತು ಅರ್ಧದಿಂದ ಒಂದು ಸೆಕೆಂಡ್, ಕೆಲವೊಮ್ಮೆ ಇನ್ನೂ ತಡವಾಗಿ ತಲುಪುತ್ತದೆ, ತಡವೂ ಪ್ರತಿ ಸಲ ಬೇರೆ. ಕರೆಯಲ್ಲಿ (ಕೋಣಗಳು ಓಡುವ ಕಣದಲ್ಲಿ) ಜನ ಇಲ್ಲ, ಮುಂದಿನ ಜೋಡಿ ಇಳಿಯಬಹುದು ಎಂದು ಮಂಜೊಟ್ಟಿಯಿಂದ ಗಂತಿಗೆ ತಿಳಿಸಲು ಸರಿಹೋಗುತ್ತದೆ. ಕ್ಷಣದ ಲೆಕ್ಕಕ್ಕೆ ದೀಪವೋ ಬಾವುಟವೋ ಬೇಕು.

ವಾಕಿಟಾಕಿಯನ್ನೇ ಕೊಂಡರೆ?

ಭಾರತದಲ್ಲಿ 446.0ರಿಂದ 446.2 ಮೆಗಾಹರ್ಟ್ಸ್ ನಡುವಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸನ್ಸ್ ಬೇಡ. ಆನ್‌ಲೈನಿನಲ್ಲಿ ಸಿಗುವ, ಯಾವ ಫ್ರೀಕ್ವೆನ್ಸಿಗೆ ಬೇಕಾದರೂ ತಿರುಗುವ ಸೆಟ್‌ಗಳನ್ನು ಲೈಸನ್ಸ್ ಇಲ್ಲದೆ ಬಳಸುವುದು ಅಪರಾಧ. ಅವು ಪೊಲೀಸ್, ವಿಮಾನ, ಹಡಗುಗಳ ಮಾತಿಗೆ ಅಡ್ಡ ಬರಬಹುದು. ಲೈಸನ್ಸ್ ಬೇಡದ ಸೆಟ್ ನಾಲ್ಕೈದು ಇದ್ದರೆ ಮುಖ್ಯಸ್ಥರಿಗೆ ಕೊಡಿ, ಉಳಿದವರಿಗೆ ಫೋನು ಸಾಕು.

ಮೀನುಗಾರಿಕಾ ಬೋಟಿನಲ್ಲಿ, ಘಾಟಿಯ ಬೈಕ್ ಸವಾರಿಯಲ್ಲಿ ನಡೆಯುತ್ತದೆಯೇ?

ದಡದ ಹತ್ತಿರ ಮಾತ್ರ. ಮೊಬೈಲ್ ಟವರ್ ಇರುವುದು ನೆಲದ ಜನಕ್ಕಾಗಿ. ಕಡಲಲ್ಲಿ ತುರ್ತಿಗೆ ಮೆರೈನ್ ವಿಎಚ್‌ಎಫ್ ಎಂಬ ಬೋಟಿನ ರೇಡಿಯೋದ 16ನೇ ಚಾನೆಲ್ ಇದೆ, ಸಿಗ್ನಲ್ ಇರುವ ತನಕ ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಇದೆ. ಶಿರಾಡಿ, ಚಾರ್ಮಾಡಿ ಘಾಟಿಗಳಲ್ಲಿ ಸಿಗ್ನಲ್ ಕಡಿದು ಕಡಿದು ಬರುವುದರಿಂದ ಬೈಕಿನವರು ಹೆಲ್ಮೆಟ್ಟಿನಿಂದ ಹೆಲ್ಮೆಟ್ಟಿಗೆ ನೇರವಾಗಿ ಮಾತು ಸಾಗಿಸುವ ಮೆಶ್ ಇಂಟರ್‌ಕಾಮ್ ನೋಡುವುದು ಒಳ್ಳೆಯದು.

ಮೊದಲೇ ಪರೀಕ್ಷಿಸುವುದು ಹೇಗೆ?

ಖಾಲಿ ಅಂಗಳದಲ್ಲಿ ‘ಹಲೋ, ಕೇಳುತ್ತಿದೆಯಾ’ ಎನ್ನುವುದು ಪರೀಕ್ಷೆಯಲ್ಲ. ಚೆಂಡೆ ಅಭ್ಯಾಸದ ದಿನ ಹೋಗಿ, ಇಲ್ಲವೇ ಸೌಂಡ್ಸ್‌ನವರಿಂದ ಅರ್ಧ ಗಂಟೆ ಬಾಕ್ಸ್ ಹಾಕಿಸಿ ಚೆಂಡೆಯ ಧ್ವನಿಮುದ್ರಣ ಜೋರಾಗಿ ಬಿಡಿ. ಒಬ್ಬರು ಅದರ ಪಕ್ಕ ನಿಂತು ಚೀಟಿಯಲ್ಲಿ ಬರೆದ ಇಪ್ಪತ್ತು ಆದೇಶಗಳನ್ನು ಓದಲಿ: ‘ಬಸ್ಸು ಮೂರು, ತೆಂಕು ಬಾಗಿಲು’, ‘ಅನ್ನ ನಿಲ್ಲಿಸಿ’, ‘ಹಗ್ಗ ಸಡಿಲ ಮಾಡಿ’. ಉಳಿದವರು ಕೇಳಿದ್ದನ್ನು ಬರೆಯಲಿ. ಇಪ್ಪತ್ತರಲ್ಲಿ ಹದಿನೆಂಟು ಸರಿ ಬಾರದಿದ್ದರೆ ಆ ಮೈಕನ್ನೋ, ಆ ಪದವನ್ನೋ ಬದಲಿಸಿ. ಯಾವ ಪದ ಪದೇ ಪದೇ ತಪ್ಪುತ್ತದೆ ಎಂಬುದು ಈ ಚೀಟಿಗಳಲ್ಲೇ ಸಿಗುತ್ತದೆ. ಇಬ್ಬರು ಹತ್ತಿರ ನಿಂತು ಸ್ಪೀಕರ್ ಹಾಕಿದರೆ ಒಬ್ಬರ ಮಾತು ಇನ್ನೊಬ್ಬರ ಫೋನಿನಿಂದ ಹೊರಟು ಮೈಕಿಗೆ ಮರಳಿ ಕೂಗು ಎಬ್ಬಿಸುತ್ತದೆ. ಅದನ್ನೂ ಅಂದೇ ತೋರಿಸಿಕೊಡಿ, ಆಮೇಲೆ ಯಾರೂ ಸ್ಪೀಕರ್ ಹಾಕುವುದಿಲ್ಲ.

ಎಲ್ಲವೂ ಕೈಕೊಟ್ಟರೆ?

ಮಾತಿಲ್ಲದೆ ನಡೆಯುವ ಮೂರು ಸಂಜ್ಞೆಗಳನ್ನು ಮೊದಲೇ ಗೊತ್ತು ಮಾಡಿ: ಎತ್ತಿ ಹಿಡಿದ ಕೆಂಪು ಬಟ್ಟೆ ಅಥವಾ ಕೆಂಪು ಟಾರ್ಚ್ ಎಂದರೆ ನಿಲ್ಲಿಸಿ, ಹಸಿರು ಎಂದರೆ ಮುಂದುವರಿಸಿ, ತಲೆಯ ಮೇಲೆ ಅಡ್ಡಡ್ಡ ಬೀಸಿದ ಎರಡೂ ಕೈ ಎಂದರೆ ವೈದ್ಯರು ಬೇಕು. ಹದಿನೈದು ನಿಮಿಷ ಯಾರಿಂದಲೂ ಸದ್ದಿಲ್ಲದಿದ್ದರೆ ಪ್ರತಿ ಜಾಗದಿಂದ ಒಬ್ಬರು ನಡೆದು ಕೋಣೆಗೆ ಬರಬೇಕು ಎಂಬ ನಿಯಮವಿರಲಿ. ಜೀವಕ್ಕೆ ಸಂಬಂಧಪಟ್ಟದ್ದಾದರೆ ತಂಡದ ಚಾನೆಲ್‌ಗೆ ಕಾಯದೆ ನೇರವಾಗಿ 112ಕ್ಕೋ, ಆಂಬುಲೆನ್ಸಿಗೆ 108ಕ್ಕೋ ಕರೆ ಮಾಡಿ, ಆಮೇಲೆ ಕೋಣೆಗೆ ತಿಳಿಸಿ.